ಗೇಟಿಗೆ ಕಟ್ಟಿದ ನೀಲಿ ಬಟ್ಟೆ

ಫೆಬ್ರುವರಿ ೩

ಅಕ್ಕಾ,

ತಲುಪಿದ್ದೇನೆ, ಕೈಕಾಲು ನೆಟ್ಟಗಿವೆ. ಇಷ್ಟನ್ನು ಮೊದಲು ಅಪ್ಪನಿಗೆ ಓದಿ ಹೇಳು, ಉಳಿದದ್ದನ್ನು ಆಮೇಲೆ ನಿಧಾನವಾಗಿ ನೀನು ಓದಿಕೋ. ಹಡಗಿನಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿಕೊಂಡು ಬಂದೆ.

ಅಪ್ಪನ ನಲ್ಲಿ ರಿಪೇರಿ ಅಂಗಡಿ ಬಿಟ್ಟು ಸೈನ್ಯ ಸೇರಿದರೂ ನನ್ನ ಹಣೆಯಲ್ಲಿ ಬರೆದದ್ದು ಪೈಪೇ. ಹೆಗಲಿಗೆ ಬಂದೂಕು ಹಾಕಿದ್ದಾರೆ, ಕೈಗೆ ಸ್ಪ್ಯಾನರ್ ಕೊಟ್ಟಿದ್ದಾರೆ. ಈ ಊರಿನ ನೀರಿನ ಪೈಪುಗಳನ್ನು ಸರಿಮಾಡುವುದು ನಮ್ಮ ತುಕಡಿಯ ಕೆಲಸ. ಒಡೆದವರು ಯಾರು ಅಂತ ಕೇಳಬೇಡ. ಚಳಿಗಾಲಕ್ಕೆ ಮುಂಚೆ ನಮ್ಮ ವಿಮಾನಗಳೇ ಬಂದು ಒಡೆದು ಹೋಗಿದ್ದವು. ಅಪ್ಪ ಇಲ್ಲಿದ್ದಿದ್ದರೆ, "ಒಡೆಯೋಕೂ ಕೂಲಿ, ಜೋಡಿಸೋಕೂ ಕೂಲಿ, ಒಳ್ಳೇ ಕಂಪನಿ ಸೇರಿದೀಯ ಕಣೋ" ಅನ್ನುತ್ತಿದ್ದರು.

ಊರಿನ ವಾಲ್ವುಗಳು ಎಲ್ಲೆಲ್ಲಿ ಹೂತುಹೋಗಿವೆ ಅಂತ ಗೊತ್ತಿರುವವನು ಇಲ್ಲಿನ ಮುದಿ ನೀರುಗಂಟಿ ಒಬ್ಬನೇ. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ನಿನ್ನೆ ಟ್ಯಾಂಕರಿನ ನೀರು ಬಿಟ್ಟು ಒಂದು ಕಟ್ಟಡದ ಪೈಪನ್ನು ಪರೀಕ್ಷೆ ಮಾಡುತ್ತಿದ್ದೆವು. ಅವನು ಮೇಲಿನ ಮಹಡಿಯಲ್ಲಿ, ನಾನು ಕೆಳಗೆ. ನಲ್ಲಿ ತೆಗಿ ಅಂತ ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಕೊನೆಗೆ ನಾವು ಚಿಕ್ಕಂದಿನಿಂದ ಮಾಡುವ ಹಾಗೆ ಸ್ಪ್ಯಾನರಿನಿಂದ ಪೈಪಿಗೆ ಎರಡು ಏಟು ಹಾಕಿದೆ. ಮೇಲೆ ನೀರು ಸುರಿದ ಸದ್ದಾಯಿತು. ಎರಡು ಏಟು ಅಂದರೆ "ತೆಗಿ" ಅಂತ ಅವನಿಗೂ ಗೊತ್ತು. ಅವನು ಕೆಳಗೆ ಬಂದ ಮೇಲೆ ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ಒಂದು ಉಪಕಾರ ಮಾಡು. ಯಾವ ಮನೆಯ ಕೆಲಸ ಮುಗಿದಿದೆ, ಯಾವುದರ ಪೈಪಿನ ಬಾಯಿ ಇನ್ನೂ ತೆರೆದಿದೆ ಅಂತ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಮೊನ್ನೆ ಟ್ಯಾಂಕರಿನ ನೀರು ಬಿಟ್ಟಾಗ ಯಾರೋ ವಾಲ್ವ್ ತಿರುಗಿಸಿ ಒಂದು ಅಡುಗೆಮನೆಯನ್ನು ಕೆರೆ ಮಾಡಿದರು. ಅಪ್ಪನ ಹಾಗೆ ನಾನೂ ಮುಗಿದ ಮನೆಯ ಗೇಟಿಗೆ ಬಟ್ಟೆ ಕಟ್ಟಬೇಕು ಅಂತಿದ್ದೇನೆ. ಇಲ್ಲಿ ಸಿಗುವುದೆಲ್ಲ ಮಣ್ಣಿನ ಬಣ್ಣ. ಎದ್ದು ಕಾಣುವಂಥ ಹಳೇ ಬಟ್ಟೆ ಯಾವುದಾದರೂ ಹರಿದು ಕಳಿಸು.

ನಿನ್ನ ತಮ್ಮ


ಫೆಬ್ರುವರಿ ೨೪

ಬಕೆಟ್,

ಸೈನ್ಯದವರು ನಿನಗೆ ಏನು ಹೆಸರಿಟ್ಟಿದ್ದಾರೋ ನನಗೆ ಬೇಕಿಲ್ಲ. ಬಕೆಟ್ ಹಿಡಿದು ನನ್ನ ಹಿಂದೆ ಬೀದಿ ಬೀದಿ ಸುತ್ತಿದವನು ನನಗೆ ಸಾಯುವತನಕ ಬಕೆಟ್ಟೇ.

ಬಟ್ಟೆ ಇದರ ಜೊತೆಗಿದೆ. ನಾವಿಬ್ಬರೂ ನನಗೆ ನಿನಗೆ ಅಂತ ಎಳೆದಾಡುತ್ತಿದ್ದ ನೀಲಿ ಹೊದಿಕೆ ಅದು. ಅಮ್ಮ ಹೋದ ಮೇಲೆ ಟ್ರಂಕಿನ ತಳ ಸೇರಿತ್ತು. ಹರಿಯಲು ನನಗೆ ಮನಸ್ಸೇ ಬರಲಿಲ್ಲ. ಅಪ್ಪ ಹಲ್ಲಿನಲ್ಲಿ ಕಚ್ಚಿ ಪರಪರ ಹರಿದು ಗುಡ್ಡೆ ಹಾಕಿದರು. ಮಂಡಿ ನೋವು ಅಂತ ಅಂಗಡಿಯ ಸ್ಟೂಲು ಬಿಟ್ಟು ಏಳದ ಮನುಷ್ಯ ಆವತ್ತು ತಾವೇ ಅಂಚೆ ಕಚೇರಿಗೆ ಹೊರಟಿದ್ದರು. ನಾನೇ ಗದರಿ ಕೂರಿಸಿದೆ. ನಿನಗೆ ಅವರು ಹೇಳಿದ್ದು ಇದು: "ಕಟ್ಟೋದಷ್ಟೇ ನಮ್ಮ ಕೆಲಸ, ಬಿಚ್ಚೋದು ಮನೆಯವರದು. ನಲ್ಲೀಲಿ ತಿಳಿನೀರು ಬಂದ್ಮೇಲೆ ಅವರೇ ಬಿಚ್ಬೇಕು. ನಾವೇ ಬಿಚ್ಚಿದ್ರೆ ಕೆಲಸ ಆಯ್ತು ಅಂತ ನಾವೇ ಹೇಳ್ಕೊಂಡ ಹಾಗೆ." ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆ ಅಂದರು, ಬರೆದೆ.

ಇಲ್ಲಿ ಕಂಡ ಕಂಡ ಗೋಡೆಗೆಲ್ಲ "ಈ ಯುದ್ಧ ನಮ್ಮದಲ್ಲ" ಅಂತ ಬರೆದಿದ್ದಾರೆ. ನಿನಗೆ ಮಗ್ಗಿ ಕಲಿಸಿದ ಟೀಚರಮ್ಮ ಈ ವಯಸ್ಸಿನಲ್ಲಿ ಚೌಕದಲ್ಲಿ ಧರಣಿ ಕೂತಿದ್ದಾರೆ. ಅವರಿಗೆಲ್ಲ ಕುಡಿಯುವ ನೀರಿಗೊಂದು ನಲ್ಲಿ ಹಾಕಿಕೊಡಲು ಹೋದವಳು ನಾನೂ ಸ್ವಲ್ಪ ಹೊತ್ತು ಅಲ್ಲೇ ಕೂತೆ. ನಿನಗೆ ಬೇಜಾರಾದರೆ ಆಗಲಿ. ಅಂಗಡಿಯಲ್ಲಿ ಇಬ್ಬರಿಗಾಗುವಷ್ಟು ಕೆಲಸ ಇಲ್ಲ ಅಂತ ನೀನು ಹೋದೆ, ಅದು ನನಗೆ ಗೊತ್ತಿದೆ. ನನಗೆ ಸಿಟ್ಟಿರುವುದು ಕಳಿಸಿದವರ ಮೇಲೆ.

ಅಕ್ಕ


ಮಾರ್ಚ್ ೧೮

ಅಕ್ಕಾ,

ಬಟ್ಟೆ ಬಂತು. ಗಂಟು ಬಿಚ್ಚಿದ ಕೂಡಲೇ ಟ್ರಂಕಿನ ವಾಸನೆ ಬಂತು. ಅರ್ಧ ಗಂಟೆ ಯಾವ ಕೆಲಸವನ್ನೂ ಮಾಡಲಿಲ್ಲ.

ಮೊದಲ ಚೂರನ್ನು ನೀರುಗಂಟಿಯ ಗೇಟಿಗೇ ಕಟ್ಟಿದೆ. ಅವನ ಮನೆಯಲ್ಲೊಬ್ಬಳು ದರ್ಜಿ ಇದ್ದಾಳೆ. ಹೊರಗೆ ಬಂದವಳು ದಾರ ಬಿಟ್ಟುಕೊಂಡಿದ್ದ ಅಂಚನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇಂಥದ್ದನ್ನು ನನ್ನ ಗೇಟಿಗೆ ಕಟ್ಟುತ್ತೀಯಾ ಅನ್ನುವ ಹಾಗೆ. ಬಿಚ್ಚಿಕೊಂಡು ಒಳಗೆ ಹೋದಳು, ಮಿಷನ್ ಸದ್ದು ಕೇಳಿತು, ನಾಲ್ಕೂ ಅಂಚು ಮಡಿಸಿ ಹೊಲಿದು ತಂದು ತಾನೇ ಕಟ್ಟಿದಳು. ಈಗ ಪ್ರತಿಯೊಂದು ಚೂರೂ ಅವಳ ಮಿಷನ್ನಿನ ಕೆಳಗೆ ಹಾದು ಬಂದ ಮೇಲೇ ಗೇಟಿಗೆ ಹೋಗಬೇಕು. ನಿನಗೆ ತೋರಿಸಲು ಒಂದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ.

ಇನ್ನೊಂದು ವಿಷಯ. ನಾನಿನ್ನೂ ಕಾಲಿಡದ ಬೀದಿಗಳಿಂದಲೂ ಹೆಂಗಸರು ಬಂದು ಬಟ್ಟೆಗೆ ಕೈ ಚಾಚುತ್ತಾರೆ. ಮನೆಯಲ್ಲಿ ಪೈಪೇ ಇಲ್ಲದವರೂ ಬರುತ್ತಾರೆ. ಮೊದಲು ನಗು ಬಂತು, ಆಮೇಲೆ ಕಾರಣ ತಿಳಿಯಿತು. ಗುಡ್ಡದಲ್ಲಿ ಅಡಗಿ ನಮ್ಮ ಮೇಲೆ ಗುಂಡು ಹಾರಿಸುವವರನ್ನು ಹುಡುಕಿಕೊಂಡು ನಮ್ಮವರು ಮನೆಮನೆ ಶೋಧಿಸುತ್ತಾರೆ. ಬಾಗಿಲು ಒದೆಯುತ್ತಾರೆ, ಹಾಸಿಗೆ ಬಗೆಯುತ್ತಾರೆ, ಗಂಡಸರನ್ನು ಗೋಡೆಗೆ ನಿಲ್ಲಿಸುತ್ತಾರೆ. ನೀಲಿ ಬಟ್ಟೆ ಇರುವ ಗೇಟು ಬಂದರೆ ಮಾತ್ರ ಮುಟ್ಟದೆ ಮುಂದೆ ಹೋಗುತ್ತಾರೆ. ಕ್ಯಾಪ್ಟನ್ ನನ್ನ ಬೆನ್ನು ತಟ್ಟಿದರು. "ಒಳ್ಳೇ ಉಪಾಯ ಕಣಯ್ಯ. ನಮ್ಮ ಕಡೆಯವ್ರು ಯಾರು ಅಂತ ಈಗ ದೂರದಿಂದ್ಲೇ ಗೊತ್ತಾಗುತ್ತೆ" ಅಂದರು.

ನಾನು ಕಟ್ಟಿದ್ದು ಅದಕ್ಕಲ್ಲ ಅಕ್ಕ. ಕೆಲಸ ಆಗದ ಮನೆಗೆ ಬಟ್ಟೆ ಕಟ್ಟಿದರೆ ಅಪ್ಪನ ಪ್ರಕಾರ ಅದು ಸುಳ್ಳು. ಆದರೆ ಆ ಹೆಂಗಸರು ಹೋಗುವುದಿಲ್ಲ, ನಿಂತೇ ಇರುತ್ತಾರೆ. ಏನು ಮಾಡಲಿ, ಅಪ್ಪನನ್ನು ಕೇಳಿ ಬರೆ.

ತಮ್ಮ


ಏಪ್ರಿಲ್ ೬

ಬಕೆಟ್,

ಅಪ್ಪನನ್ನು ಕೇಳಲಿಲ್ಲ. ಕೇಳಿದರೆ ಕೂಡದು ಅನ್ನುತ್ತಾರೆ, ಆಮೇಲೆ ನೀನು ಕೈಕಟ್ಟಿ ಕೂರುತ್ತೀಯ. ನಾನು ಹೇಳುತ್ತೇನೆ, ಕೊಡು. ಕೇಳಿದವರಿಗೆಲ್ಲ ಕೊಡು. ಒಂದು ತುಂಡು ಬಟ್ಟೆಯಿಂದ ಒಂದು ಮನೆಯ ಬಾಗಿಲು ಉಳಿಯುವುದಾದರೆ ಅಪ್ಪನ ನಿಯಮ ಒಂದಷ್ಟು ದಿನ ಅಟ್ಟದ ಮೇಲಿರಲಿ. ಇನ್ನೊಂದು ಗಂಟು ಕಳಿಸಿದ್ದೇನೆ. ಹೊದಿಕೆ ಮುಗಿಯಿತು, ನನ್ನ ಕೋಟಿನ ನೀಲಿ ಅಸ್ತರನ್ನೇ ಕಿತ್ತೆ. ಚಳಿಗೆ ಅಸ್ತರಿಲ್ಲದ ಕೋಟು ಹಾಕಿಕೊಂಡು ಓಡಾಡುತ್ತೇನೆ, ನೀನು ಬಂದು ಹೊಸದು ಕೊಡಿಸು.

ಆ ಹೊಲಿಗೆ ನೋಡಿದೆ. ಇರುವೆ ಸಾಲಿನಷ್ಟು ನೇರ. ಹೊಲಿದವಳು ಯಾರು, ನೀರುಗಂಟಿಯ ಮಗಳಾ? ವಯಸ್ಸೆಷ್ಟು? ಪೈಪಿನ ಬಗ್ಗೆ ನಾಲ್ಕು ಸಾಲು, ಹೊಲಿಗೆಯ ಬಗ್ಗೆ ಹತ್ತು ಸಾಲು ಬರೆದಾಗಲೇ ನನಗೆ ಅನುಮಾನ ಬಂತು. ಅಪ್ಪನಿಗೆ ಇನ್ನೂ ಹೇಳಿಲ್ಲ, ಹೆದರಬೇಡ.

ಅಕ್ಕ


ಏಪ್ರಿಲ್ ೨೯

ಅಕ್ಕಾ,

ನೀನು ಮದುವೆ ಮಾಡಿಸಲು ಹೊರಟಿರುವ ಹುಡುಗಿಗೆ ಮುಂದಿನ ಹಲ್ಲುಗಳಿಲ್ಲ. ನೀರುಗಂಟಿಯ ಹೆಂಡತಿ ಅವಳು, ಅಜ್ಜಿ. ನಿನ್ನ ಅನುಮಾನವನ್ನು ಕೈಸನ್ನೆಯಲ್ಲಿ ಹೇಳಿದೆ. ಅಜ್ಜಿ ನಕ್ಕು ನಕ್ಕು ಮಿಷನ್ನಿನ ಮೇಲೆ ತಲೆಯಿಟ್ಟರೆ, ನೀರುಗಂಟಿ ನನ್ನನ್ನು ಹೊಡೆಯುವ ಹಾಗೆ ಸ್ಪ್ಯಾನರ್ ಎತ್ತಿದ.

ಕೇಳಿದವರಿಗೆಲ್ಲ ಕೊಟ್ಟೆ. ಹೊದಿಕೆಯ ಚೂರುಗಳು ಮುಗಿದು ಈಗ ನಿನ್ನ ಅಸ್ತರು ಹರಿಯುತ್ತಿದ್ದೇವೆ. ನೀರು ಮಾತ್ರ ಇನ್ನೂ ಬಂದಿಲ್ಲ. ಪೈಪುಗಳು ಸಿದ್ಧವಾಗಿವೆ, ಪಂಪು ಬರಬೇಕು. ಈ ವಾರ, ಬರುವ ವಾರ ಅನ್ನುತ್ತಲೇ ಇದ್ದಾರೆ. ಹೀಗಾಗಿ ಯಾವ ಗೇಟಿನದೂ ಬಿಚ್ಚಿಲ್ಲ. ಬೆಳಿಗ್ಗೆ ನೋಡಿದರೆ ಬೀದಿ ಉದ್ದಕ್ಕೂ ನೀಲಿ. ಅಪ್ಪ ನೋಡಿದ್ದರೆ ಬೈಯುತ್ತಿದ್ದರು, ಆದರೆ ಹಿಗ್ಗುತ್ತಲೂ ಇದ್ದರು.

ನಾಳೆಯಿಂದ ಕೆಲವು ದಿನ ಇಡೀ ತುಕಡಿಗೆ ಪಕ್ಕದ ಊರಲ್ಲಿ ಕೆಲಸವಂತೆ. ವಾಪಸ್ಸು ಬಂದು ಬರೆಯುತ್ತೇನೆ.

ತಮ್ಮ


ಮೇ ೨೮

ಬಕೆಟ್,

ಕೆಲವು ದಿನ ಅಂದೆ, ತಿಂಗಳಾಯಿತು. ಹುಡುಗಿಯ ತಮಾಷೆ ಮಾಡಿದ್ದಕ್ಕೆ ಮುನಿಸಾ, ಧರಣಿಗೆ ಹೋದೆ ಅಂತ ಮುನಿಸಾ? ಏನಿದ್ದರೂ ಎರಡು ಸಾಲಿನಲ್ಲಿ ಬೈದು ಬರೆ.

ಎದುರು ದಿನಸಿ ಅಂಗಡಿಯವಳ ಮಗ ಬಂದ, ಪೆಟ್ಟಿಗೆಯಲ್ಲಿ. ಮುಚ್ಚಳ ತೆಗೆಯಬೇಡಿ ಅಂದರಂತೆ. ಅವಳು ಪೆಟ್ಟಿಗೆಯನ್ನು ಕೈಯಿಂದ ಅಳೆದು, "ನನ್ನ ಮಗ ಇಷ್ಟು ಗಿಡ್ಡ ಇರ್ಲಿಲ್ಲ" ಅಂದಳು. ಬಂದಿದ್ದ ಅಧಿಕಾರಿ ಟೋಪಿ ತೆಗೆದು ನೆಲ ನೋಡಿದ. ಈಗ ಅವಳು ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಚೌಕಕ್ಕೆ ಬರುತ್ತಾಳೆ. ನನ್ನ ಪಕ್ಕದಲ್ಲೇ ಕೂರುತ್ತಾಳೆ.

ಅಂಚೆಯವನು ನಮ್ಮ ಅಂಗಡಿ ದಾಟಿ ಹೋದ ಮೇಲೂ ಅಪ್ಪ ಬಹಳ ಹೊತ್ತು ಅವನ ಬೆನ್ನನ್ನೇ ನೋಡುತ್ತಾರೆ. ನನಗೆ ಹೆದರಿಕೆಯಾಗಿದೆ ಕಣೋ. ಬರೆ.

ಅಕ್ಕ


ಜೂನ್ ೧೧

ಅಕ್ಕ,

ಚೆನ್ನಾಗಿದ್ದೇನೆ. ನೀರು ಬಂತು. ಇನ್ನು ಬಟ್ಟೆ ಕಳಿಸಬೇಡ.

ಸೆಪ್ಟೆಂಬರಿನಲ್ಲಿ ನನ್ನ ಅವಧಿ ಮುಗಿಯುತ್ತದೆ, ಬಿಡುಗಡೆ ಕೊಡುತ್ತಾರಂತೆ. ಅಪ್ಪನ ಮಂಡಿ ಹೇಗಿದೆ?

ತಮ್ಮ


ಜುಲೈ ೨

ನನ್ನ ಬಂಗಾರದ ಬಕೆಟ್ಟೇ,

ನೀರು ಬಂತು ಅಂತ ಓದಿ ಹೇಳಿದ ಕೂಡಲೇ ಅಪ್ಪ ಸ್ಟೂಲಿನಿಂದ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ನಡೆದರು. ಹಾದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ನನ್ ಮಗ ಒಂದು ಊರಿಗೇ ನೀರು ಕೊಟ್ಟ" ಅಂದರು. ನಾಲ್ಕು ಸಾಲು ಬರೆಯುವುದಕ್ಕೆ ನಿನಗೇನು ಧಾಡಿ ಅಂತ ಬೈಯಲು ಕೂತವಳು ಬೈಯದೆ ಬಿಡುತ್ತಿದ್ದೇನೆ. ಕೆಲಸ ಮಾಡಿ ಸುಸ್ತಾಗಿರುತ್ತೀಯ, ನನಗೆ ಅರ್ಥವಾಗುತ್ತದೆ.

ಈಗ ಕೇಳು. ನೀಲಿ ಬಟ್ಟೆಯ ಕಥೆಯನ್ನು ನಾನು ಚೌಕದಲ್ಲಿ ಹೇಳಿದೆ. ಟೀಚರಮ್ಮ ಕಣ್ಣೊರೆಸಿಕೊಂಡು, "ಯುದ್ಧ ನಮಗೆ ಬೇಡ, ಹುಡುಗ ಬೇಕು. ನನಗೂ ಒಂದು ಕೊಡು" ಅಂದರು. ನೀನು ಬರುವತನಕ ಗೇಟಿಗೆ ಕಟ್ಟಿಕೊಳ್ಳುತ್ತಾರಂತೆ. ಮಾರನೇ ದಿನ ದಿನಸಿ ಅಂಗಡಿಯವಳು ಬಂದಳು. "ನಂದಂತೂ ಬರ್ಲಿಲ್ಲ, ನಿಮ್ಮದಾದ್ರೂ ಬರಲಿ" ಅಂತ ಕೈ ಚಾಚಿದಳು. ಆಮೇಲೆ ಬೀದಿಯವರೆಲ್ಲ ಕೇಳಿದರು. ನಾನೂ ನಿನ್ನ ಹಾಗೆ ಕೇಳಿದವರಿಗೆಲ್ಲ ಕೊಟ್ಟೆ. ಹಳೇ ಪರದೆಯೊಂದು ಪೂರ್ತಿ ಹೋಯಿತು. ನಮ್ಮ ಗೇಟಿನದನ್ನು ಅಪ್ಪನೇ ಕಟ್ಟಿದ್ದಾರೆ. ಮೂಲೆ ತಿರುಗಿದ ಕೂಡಲೇ ಬೀದಿ ಉದ್ದಕ್ಕೂ ನೀಲಿ ಕಾಣುತ್ತದೆ, ನೀನು ಬರೆದಿದ್ದೆಯಲ್ಲ, ಅದೇ ಥರ. ನೀನು ಬಂದ ಮೇಲೆ ಒಂದೊಂದೇ ಗೇಟಿನವರು ಬಿಚ್ಚುತ್ತಾರೆ.

ಅಕ್ಕ


ಜುಲೈ ೨೩

ಅಕ್ಕ,

ಬಟ್ಟೆಗಳನ್ನು ತೆಗೆಸು. ಈ ಕಾಗದ ಓದಿದ ತಕ್ಷಣ ತೆಗೆಸು, ಎಲ್ಲ ಗೇಟಿನದೂ.

ನಾನು ಸುಳ್ಳು ಬರೆದಿದ್ದೆ. ನೀರು ಬರಲಿಲ್ಲ. ಪಂಪು ಬರಲೇ ಇಲ್ಲ.

ನಮ್ಮನ್ನು ಪಕ್ಕದ ಊರಿಗೆ ಕರೆದುಕೊಂಡು ಹೋದಾಗ ಇಲ್ಲಿ ಕಾವಲಿಗೆ ಒಬ್ಬನನ್ನೂ ಬಿಟ್ಟಿರಲಿಲ್ಲ. ಗುಡ್ಡದವರು ಹಾಡಹಗಲೇ ಇಳಿದು ಬಂದರು. ಸೈನ್ಯದ ಜೊತೆ ಸೇರಿದವರು ಯಾರು ಅಂತ ಅವರು ಯಾರನ್ನೂ ಕೇಳಬೇಕಾಗಲಿಲ್ಲ. ಬೀದಿಯಲ್ಲಿ ನಡೆದುಕೊಂಡು ಬಂದರು, ನೀಲಿ ಬಟ್ಟೆ ಇದ್ದ ಗೇಟುಗಳನ್ನೆಲ್ಲ ತಳ್ಳಿ ಒಳಗೆ ಹೋದರು. ಬಟ್ಟೆ ಇಲ್ಲದ ಮನೆಗಳನ್ನು ಮುಟ್ಟಲಿಲ್ಲ.

ನಾವು ವಾಪಸ್ಸು ಬಂದಾಗ ಊರಲ್ಲಿ ಸದ್ದೇ ಇರಲಿಲ್ಲ. ನೀರುಗಂಟಿ ವಾಲ್ವಿನ ಗುಂಡಿಯ ಪಕ್ಕ ಬಿದ್ದಿದ್ದ. ಅಜ್ಜಿ ಮಿಷನ್ನಿನ ಮೇಲೆ ತಲೆಯಿಟ್ಟಿದ್ದಳು. ಆವತ್ತು ನಕ್ಕಾಗಲೂ ಹಾಗೇ ಇಟ್ಟಿದ್ದಳು, ಅದಕ್ಕೇ ಬಾಗಿಲಲ್ಲಿ ನಿಂತು ಒಂದು ಕ್ಷಣ ನನಗೆ ಏನೂ ಅನ್ನಿಸಲಿಲ್ಲ. ಸೂಜಿಯ ಕೆಳಗೆ ನಿನ್ನ ಕೋಟಿನ ಅಸ್ತರು ಅರ್ಧ ಹೊಲಿದು ನಿಂತಿತ್ತು. ಆಮೇಲೆ ಉಳಿದ ಮನೆಗಳು. ಪೈಪೇ ಇಲ್ಲದ ಮನೆಗಳೂ ಇದ್ದವು ಅಕ್ಕ, ನಾನು ಸುಮ್ಮನೆ ಕೊಟ್ಟವು.

ನಾವು ಹೊರಡುವ ದಿನ ಹೊಲಿದಿಟ್ಟ ಬಟ್ಟೆ ಮುಗಿದುಹೋಗಿ, ಕೇಳಲು ಬಂದ ಒಬ್ಬಳಿಗೆ ಕೊಟ್ಟಿರಲಿಲ್ಲ. ಅವಳು ತನ್ನ ಭಾಷೆಯಲ್ಲಿ ನನ್ನನ್ನು ಬೈದು ಹೋಗಿದ್ದಳು. ನಾವು ವಾಪಸ್ಸು ಬಂದ ದಿನ ಅವಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಕ್ಯಾಪ್ಟನ್ ಬಂದು, "ಪತ್ರಿಕೆಯವ್ರು ಬರ್ತಾರೆ. ಅಷ್ಟರಲ್ಲಿ ಅವನ್ನೆಲ್ಲ ಬಿಚ್ಚಿಬಿಡು" ಅಂದರು. ಬಿಚ್ಚಿದೆ. ಮನೆಯವರೇ ಬಿಚ್ಚಬೇಕು ಅಂತ ಅಪ್ಪ ಹೇಳುತ್ತಾರೆ. ಮನೆಯವರು ಇರಲಿಲ್ಲ. ಅಜ್ಜಿ ಕಟ್ಟಿದ್ದ ಗಂಟು ಎಷ್ಟು ಬಿಗಿಯಿತ್ತೆಂದರೆ ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಾಯಿತು.

ನೀನು ಕೊಡು ಅಂದದ್ದು ತಪ್ಪಲ್ಲ. ನಿನಗೆ ಇದು ಗೊತ್ತಾಗುವುದೇ ಬೇಡ ಅಂತ ಸುಮ್ಮನಿದ್ದೆ. ನಿಮ್ಮ ಗೇಟುಗಳ ವಿಷಯ ಓದಿದ ಮೇಲೆ ಆಗಲಿಲ್ಲ. ಆ ಬೀದಿಯಲ್ಲಿ ನಾನು ನಡೆದು ಬರಲಾರೆ.

ತಮ್ಮ


ಆಗಸ್ಟ್ ೧೪

ತಮ್ಮಾ,

ನಿನ್ನ ಕಾಗದ ನನ್ನ ಹತ್ತಿರ ಒಂದು ದಿನ ಇತ್ತು. ಆಮೇಲೆ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ನೀನು ಅವರನ್ನು ಕೇಳು ಅಂದಿದ್ದೆ, ನಾನು ಕೇಳದೆ ಕೊಡು ಅಂತ ಬರೆದೆ ಅನ್ನುವುದನ್ನೂ ಹೇಳಿದೆ. ಬೈಯುತ್ತಾರೆ ಅಂತ ಕಾದೆ, ಬೈಯಲಿಲ್ಲ. ಎದ್ದು ಗೇಟಿಗೆ ಹೋಗಿ ನಮ್ಮ ಬಟ್ಟೆಯನ್ನು ಬಿಚ್ಚಲು ನಿಂತರು. ಗಂಟು ಸಿಗುತ್ತಿರಲಿಲ್ಲ. ನಾನು ಬಿಚ್ಚಲಾ ಅಂದರೆ, "ಬೇಡ, ನಾನು ಕಟ್ಟಿದ್ದು" ಅಂದರು. ಜೀವಮಾನದಲ್ಲಿ ತಾವು ಕಟ್ಟಿದ್ದನ್ನು ತಾವೇ ಬಿಚ್ಚಿದ್ದು ಅದೊಂದೇ.

ಉಳಿದ ಮನೆಗಳಿಗೆ ನಾನು ಹೋದೆ. ಟೀಚರಮ್ಮ ಏನೂ ಕೇಳದೆ ಬಿಚ್ಚಿ ಕೊಟ್ಟರು. ದಿನಸಿ ಅಂಗಡಿಯವಳು ಕೊಡಲಿಲ್ಲ. "ನಿಮ್ಮ ಹುಡುಗ ಬರೋದು ನಿಮಗೇ ಬೇಡ್ವಾ?" ಅಂದಳು. ಆಗ ನಿನ್ನ ಕಾಗದದ ವಿಷಯ ಹೇಳಬೇಕಾಯಿತು. ಕೇಳಿಸಿಕೊಂಡು, "ನನ್ನ ಮಗನೂ ಬಾಗಿಲು ಒದೆಯೋಕೆ ಹೋಗಿದ್ನಾ?" ಅಂದಳು. ಬಿಚ್ಚಿ ಕೈಗಿಟ್ಟಳು.

ತಪ್ಪಲ್ಲ ಅಂತ ನೀನು ಬರೆದಿದ್ದೀಯ. ಕೊಡು ಅಂದವಳು ನಾನು. ಇಲ್ಲಿ ಬೆಚ್ಚಗೆ ಕೂತು ಅಲ್ಲಿನವರ ಗೇಟಿನಲ್ಲಿ ಏನಿರಬೇಕು ಅಂತ ಹೇಳಿದೆ, ನಿನ್ನನ್ನು ಕಳಿಸಿದವರು ಹೇಳಿದ ಹಾಗೇ. ಅದನ್ನು ನನ್ನ ತಲೆಯಿಂದ ತೆಗೆಯಲು ನೋಡಬೇಡ. ಈಗ ಕೆಲಸ ಮುಗಿದ ಮನೆಗೆ ನಾನು ಏನನ್ನೂ ಕಟ್ಟುವುದಿಲ್ಲ, ಬಾಗಿಲಿಗೆ ಹೋಗಿ ಬಾಯಲ್ಲಿ ಹೇಳಿ ಬರುತ್ತೇನೆ.

ಬೀದಿಯಲ್ಲಿ ಈಗ ಒಂದು ದಾರದ ಎಳೆಯೂ ಇಲ್ಲ. ನೀನು ಬಾ.

ಅಕ್ಕ


ಸೆಪ್ಟೆಂಬರ್ ೩೦

ಅಕ್ಕ,

ನಾನು ಬಂದಿದ್ದೆ. ಕಳೆದ ವಾರ ಮಧ್ಯಾಹ್ನದ ಬಸ್ಸಿಗೆ ಬಂದು ನಮ್ಮ ಬೀದಿಯ ಮೂಲೆಯತನಕ ನಡೆದೆ. ಎಲ್ಲ ಗೇಟುಗಳೂ ಖಾಲಿ ಇದ್ದವು. ನಾನು ಹೇಳಿದ ಹಾಗೇ ಮಾಡಿದ್ದೀಯ. ಆದರೆ ಬಿಚ್ಚಿ ಮುಗಿಸಿದ ಮೇಲೆ ಆ ಊರಿನ ಬೀದಿಯೂ ಹೀಗೇ ಕಂಡಿತ್ತು. ನಿನ್ನದೇನೂ ತಪ್ಪಿಲ್ಲ. ಅಂಗಡಿಯ ಬಾಗಿಲಲ್ಲಿ ಅಪ್ಪನ ಕಾಲು ಕಾಣುತ್ತಿತ್ತು. ಅಲ್ಲಿಂದಲೇ ತಿರುಗಿ ಬಸ್‌ಸ್ಟ್ಯಾಂಡಿಗೆ ಹೋದೆ.

ಬಂದರಿನ ಹತ್ತಿರ ಒಂದು ಲಾಡ್ಜಿನ ಮೇಲಿನ ಮಹಡಿಯಲ್ಲಿದ್ದೇನೆ. ವಿಳಾಸ ಹಿಂದೆ ಇದೆ. ಯಾರಾದರೂ ಬಾಗಿಲು ತಟ್ಟಿದರೆ ಉಸಿರು ಹಿಡಿದು ಕೂರುತ್ತೇನೆ, ತೆಗೆಯಲಾಗುವುದಿಲ್ಲ. ರೂಮಿನ ನಲ್ಲಿ ಸೋರುತ್ತದೆ. ಒಂದು ವಾಷರ್ ಹಾಕಿದರೆ ಸರಿಹೋಗುತ್ತದೆ. ಹಾಕಿಲ್ಲ, ಕೆಳಗೆ ಲೋಟ ಇಟ್ಟಿದ್ದೇನೆ.

ಹಣ ಕಳಿಸಬೇಡ, ಹುಡುಕಿಕೊಂಡು ಬರಲೂ ಬೇಡ.

ತಮ್ಮ


ಅಕ್ಟೋಬರ್ ೪

ಬಕೆಟ್,

ಬೇಡ ಅಂತ ಬರೆದು ವಿಳಾಸ ಯಾಕೆ ಕೊಟ್ಟೆ? ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಪ್ಪ ವಾಷರ್ ಕೊಟ್ಟಿದ್ದಾರೆ, ಅದನ್ನು ತರುತ್ತೇನೆ. ಅಜ್ಜಿ ಹೊಲಿದ ಚೂರು ಟ್ರಂಕಿನಲ್ಲಿದೆ. ಅದನ್ನು ತರುವುದೂ ಇಲ್ಲ, ಎಸೆಯುವುದೂ ಇಲ್ಲ.

ನಿನ್ನ ಬಾಗಿಲು ತಟ್ಟುವುದಿಲ್ಲ, ನಿನ್ನನ್ನು ಕೂಗುವುದಿಲ್ಲ. ಕೆಳಗೆ ನಿಂತು ಪೈಪಿಗೆ ಎರಡು ಏಟು ಹಾಕುತ್ತೇನೆ. ನೀನು ಮೇಲೆ ನಲ್ಲಿ ತಿರುಗಿಸು. ನೀರು ಬಿದ್ದ ಸದ್ದು ಕೇಳಿದರೆ ಮೇಲೆ ಬರುತ್ತೇನೆ. ಕೇಳದಿದ್ದರೆ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದು ಸಂಜೆ ಬಸ್ಸಿಗೆ ಹೋಗುತ್ತೇನೆ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ.

ಅಕ್ಕ